ಕನ್ನಡ ಎಲ್ಲಿ ಕಲಿತೆ?

ನನ್ನ ಮನೆಮಾತು ಬ್ಯಾರಿ. ಮುಸ್ಲಿಮರೆಲ್ಲ ಮನೆಯಲ್ಲಿ ಉರ್ದು ಮಾತಾಡುತ್ತಾರೆ ಎಂದು ಹಲವರು ತಿಳಿದಿದ್ದಾರೆ. ನನಗೆ ಉರ್ದು ಬಾರದು ಎಂದರೆ ಅವರಿಗೆ ಆಶ್ಚರ್ಯ. ಭಾಷಣ ಸ್ಪರ್ಧೆಗೆ ಹೋದರೆ "ಇಷ್ಟು ಚೆನ್ನಾದ ಕನ್ನಡ ಎಲ್ಲಿ ಕಲಿತೆ?" ಎನ್ನುತ್ತಾರೆ. ಹೊಗಳಿಕೆಯೇ ಇರಬಹುದು. ಆದರೂ ನಾನು ಹೊರಗಿನವಳು ಎಂದಂತೆ ಕೇಳಿಸುತ್ತದೆ. ಕಾಸರಗೋಡಿನ ಸಾರಾ ಅಬೂಬಕ್ಕರ್ ಮುಸ್ಲಿಂ ಹೆಣ್ಣುಮಕ್ಕಳ ಬದುಕನ್ನು ಕನ್ನಡದಲ್ಲೇ ಬರೆದರು. ಬ್ಯಾರಿ ಭಾಷೆಗೆ 2007ರಲ್ಲಿ ಸಾಹಿತ್ಯ ಅಕಾಡೆಮಿಯೂ ಆಯಿತು. ಎರಡೂ ನನ್ನವೇ.

ನಮ್ಮ ಕಾಲೇಜಿನಲ್ಲಿ ಬ್ಯಾರಿ ಮಾತಾಡುವವರೇ ಹೆಚ್ಚು. ಇಲ್ಲಿ ಹೊರಗಿನವರಾಗುವ ಸರದಿ ಬೇರೆಯವರದು. ಊಟದ ಹೊತ್ತಿಗೆ ಮಾತು ಬ್ಯಾರಿಗೆ ಹೊರಳಿದರೆ ಹುಬ್ಬಳ್ಳಿಯಿಂದ ಬಂದ ಉರ್ದು ಮನೆಮಾತಿನ ಗೆಳತಿ ಸುಮ್ಮನಾಗುತ್ತಾಳೆ. ಧರ್ಮ ಒಂದೇ ಆದರೂ ಆಗ ಅವಳು ಒಂಟಿ. ಅದನ್ನು ಮೊದಲು ಗಮನಿಸಿದವಳು ತುಳು ಮಾತಾಡುವ ಹಿಂದೂ ಗೆಳತಿ. "ಕನ್ನಡದಲ್ಲಿ ಹೇಳು ಮಾರಾಯ್ತಿ, ಅವಳೂ ನಗಲಿ" ಎಂದಳು. ಈಗ ನಮ್ಮ ಗುಂಪಿನಲ್ಲಿ ಅದೇ ರೂಢಿ.

ಈ ವರ್ಷವೂ ಪ್ರಥಮ ಪಿಯುಸಿಗೆ ಬೇರೆ ಬೇರೆ ಊರಿನವರು, ಧರ್ಮದವರು ಸೇರಿದ್ದಾರೆ. ಹೆಸರು, ಉಡುಪು ನೋಡಿ ಊಹಿಸುವ ಬದಲು "ನಿಮ್ಮ ಮನೆಯಲ್ಲಿ ಏನು ಮಾತಾಡುತ್ತೀರಿ?" ಎಂದು ಕೇಳೋಣ. ಅವರ ಭಾಷೆಯಲ್ಲಿ "ಊಟ ಆಯ್ತಾ?" ಎನ್ನಲು ಕಲಿತರೂ ಸಾಕು, ಸ್ನೇಹ ಶುರುವಾಗುತ್ತದೆ.