ಗೋಲ್ಡೌ: ಬೆಟ್ಟ ಜರಿದ ಊರು

ಜ್ಯೂರಿಕ್ ನಗರದಿಂದ ದಕ್ಷಿಣಕ್ಕೆ ಹೊರಟ ರೈಲು ತ್ಸೂಗ್ ಸರೋವರವನ್ನು ಬಳಸಿಕೊಂಡು ಆರ್ತ್-ಗೋಲ್ಡೌ ನಿಲ್ದಾಣವನ್ನು ಸೇರುವುದು. ಇಟಲಿಯ ಕಡೆಗೆ ಸಾಗುವ ಗಾಟ್‌ಹಾರ್ಡ್ ಮಾರ್ಗವೂ, ರೀಗಿ ಶಿಖರವನ್ನೇರುವ ಹಲ್ಲುಗಾಲಿಯ ಪುಟ್ಟ ರೈಲೂ ಇಲ್ಲಿ ಕೂಡುವುದರಿಂದ, ಸ್ವಿಟ್ಜರ್ಲೆಂಡನ್ನು ನೋಡಲು ಹೋದವರಲ್ಲಿ ಅನೇಕರು ಇಲ್ಲಿ ಗಾಡಿ ಬದಲಾಯಿಸಿದವರೇ. ಆದರೆ ಅವರ ಕಣ್ಣೆಲ್ಲ ರೀಗಿಯ ಮೇಲೆ. ಉತ್ತರದಲ್ಲಿ ನಿಂತಿರುವ ರಾಸ್‌ಬರ್ಗ್ ಬೆಟ್ಟವನ್ನು ತಿರುಗಿ ನೋಡುವವರು ವಿರಳ. ನೋಡಿದವರಿಗೆ ಅದರ ಹಸುರು ಮೈಯಲ್ಲಿ ಮೇಲಿನಿಂದ ಕೆಳಗಿಳಿದ ಅಗಲವಾದ ಗಾಯದ ಕಲೆಯೊಂದು ಕಾಣುವುದು. ನಿಲ್ದಾಣವೂ ಅದರ ಸುತ್ತಣ ಊರೂ ನಿಂತಿರುವುದು ಆ ಗಾಯದಿಂದ ಸುರಿದ ಕಲ್ಲಿನ ಮೇಲೆಯೇ.

ರಾಸ್‌ಬರ್ಗ್ ಬಹಳ ಎತ್ತರದ ಬೆಟ್ಟವಲ್ಲ. 1,580 ಮೀಟರ್, ಅಷ್ಟೇ. ಹಿಮದ ಕಿರೀಟವೂ ಅದಕ್ಕಿಲ್ಲ. ಅದರ ಹುಟ್ಟು ಮಾತ್ರ ವಿಚಿತ್ರವಾದುದು. ಸುಮಾರು 2.5ರಿಂದ 3 ಕೋಟಿ ವರ್ಷಗಳ ಹಿಂದೆ, ಆಲ್ಪ್ಸ್ ಪರ್ವತಗಳು ಮೇಲೇಳುತ್ತಿದ್ದ ಕಾಲದಲ್ಲಿ, ಅಲ್ಲಿಂದ ಧುಮುಕಿದ ನದಿಗಳು ಉರುಟು ಕಲ್ಲುಗಳನ್ನು ಹೊತ್ತು ತಂದು ತಪ್ಪಲಲ್ಲಿ ರಾಶಿ ಹಾಕಿದವು. ಪ್ರವಾಹ ತಗ್ಗಿದ ದಿನಗಳಲ್ಲಿ ಅದೇ ಜಾಗದಲ್ಲಿ ನುಣ್ಣನೆಯ ಕೆಸರು ತಂಗಿತು. ಮತ್ತೆ ಕಲ್ಲು, ಮತ್ತೆ ಕೆಸರು. ಕಾಲಾನಂತರದಲ್ಲಿ ಕಲ್ಲಿನ ರಾಶಿಯು ಸುಣ್ಣದ ಅಂಟಿನಿಂದ ಬಿಗಿದುಕೊಂಡು, ಬೆಲ್ಲದ ಪಾಕದಲ್ಲಿ ಕಡಲೆಬೀಜ ಕೂತ ಮಿಠಾಯಿಯಂತೆ, ಗಟ್ಟಿಯಾದ ಬಂಡೆಯಾಯಿತು. ಬಂಡೆಯ ಮುಖದಲ್ಲಿ ಉಬ್ಬಿ ನಿಂತ ಕಲ್ಲುಗಳು ಬಾಗಿಲಿಗೆ ಹೊಡೆದ ಮೊಳೆಯ ತಲೆಗಳಂತೆ ಕಾಣುವುದರಿಂದ ಅಲ್ಲಿನ ಜನ ಅದನ್ನು ನಾಗೆಲ್‌ಫ್ಲೂ, ಅಂದರೆ ಮೊಳೆಬಂಡೆ, ಎಂದು ಕರೆಯುತ್ತಾರೆ. ಕೆಸರು ಸುಣ್ಣ ಬೆರೆತ ಜೇಡಿಶಿಲೆಯಾಯಿತು.

ಈ ಪದರಗಳು ಹುಟ್ಟಿದಾಗ ಇದ್ದಂತೆ ಮಟ್ಟಸವಾಗಿ ಉಳಿದಿದ್ದರೆ ಹೇಳುವ ಕಥೆಯೇ ಇರುತ್ತಿರಲಿಲ್ಲ. ಆಲ್ಪ್ಸಿನ ಒತ್ತಡವು ಅವನ್ನು ಓರೆ ಮಾಡಿತು. ರಾಸ್‌ಬರ್ಗಿನಲ್ಲಿ ಪದರಗಳು ಸುಮಾರು 20 ಡಿಗ್ರಿಯಷ್ಟು ವಾಲಿವೆ. ವಾಲಿರುವುದು ಗೋಲ್ಡೌ ಕಣಿವೆಯ ಕಡೆಗೆ. ದಕ್ಷಿಣದ ಬಿಸಿಲಿಗೆ ಮೈಯೊಡ್ಡಿದ, ಏರಲು ಹಿತವಾದ, ದನಗಳಿಗೆ ಒಳ್ಳೆಯ ಮೇವು ಕೊಡುವ ಆ ಇಳಿಜಾರನ್ನು ರೈತರು ಮೆಚ್ಚಿಕೊಂಡದ್ದು ಸಹಜವೇ. ಆದರೆ ಮಳೆಯ ನೀರು ಮೊಳೆಬಂಡೆಯ ಬಿರುಕುಗಳಲ್ಲಿ ಇಳಿಯುತ್ತದೆ. ಜೇಡಿಪದರಕ್ಕೆ ಬಂದು ತಡೆಯುತ್ತದೆ. ಅಲ್ಲಿ ಜೇಡಿ ನೆನೆದು ಮೆತ್ತಗಾಗುವುದು. ಸಿಕ್ಕಿಕೊಂಡ ನೀರಿನ ಒತ್ತಡವು ಮೇಲಿನ ಭಾರವನ್ನು ಕೊಂಚ ಎತ್ತಿಹಿಡಿಯುವುದು. ಪಾಚಿಗಟ್ಟಿದ ಕಲ್ಯಾಣಿಯ ಮೆಟ್ಟಿಲ ಮೇಲೆ ಕಾಲಿಟ್ಟವನಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ. ಅದೇ ಬೆಟ್ಟ ಇತಿಹಾಸಕ್ಕೂ ಹಿಂದೆ ಜರಿದಿದ್ದ ಗುರುತುಗಳನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ.

1806ಕ್ಕೆ ಹಿಂದಿನ ವರ್ಷಗಳಲ್ಲಿ ಮಳೆಯೂ ಹಿಮವೂ ವಿಪರೀತ. ಆ ವರ್ಷದ ಸೆಪ್ಟೆಂಬರ್ 2ರಂದು ಬೆಳಗಿನಿಂದಲೇ ಬೆಟ್ಟ ಮಾತನಾಡತೊಡಗಿತ್ತು. ನೆಲದಲ್ಲಿ ಬಿರುಕುಗಳು ಅಗಲವಾದವು. ಕಾಡಿನೊಳಗೆ ಬೇರುಗಳು ಪಟಪಟನೆ ಹರಿದ ಸದ್ದು ಕೇಳಿತು. ಮರಗಳು ವಾಲಿದವು, ಕಲ್ಲುಗಳು ಉರುಳಿದವು. ಕೆಲವರು ಓಡಿದರು. ಬಹಳ ಮಂದಿ ಓಡಲಿಲ್ಲ. ಅವರನ್ನು ಮೂಢರೆನ್ನುವುದು ನ್ಯಾಯವಲ್ಲ. ಸಣ್ಣಪುಟ್ಟ ಕಲ್ಲುಗಳು ಬೀಳುವುದನ್ನು ನೋಡುತ್ತಲೇ ಬೆಳೆದ ಜನರಿಗೆ ಇಡೀ ಬೆಟ್ಟದ ಮೈಯೇ ಕಳಚಬಹುದೆಂದು ಯಾರು ತಾನೇ ಹೇಳಿದ್ದರು?

ಸಂಜೆ ಸುಮಾರು ಐದು ಗಂಟೆಗೆ ಅದು ಕಳಚಿತು. ಅಂದಾಜು 4 ಕೋಟಿ ಘನ ಮೀಟರ್ ಬಂಡೆ ಜೇಡಿಪದರದ ಮೇಲೆ ಜಾರಿ, ಒಡೆದು ಚೂರಾಗಿ, ಕೆಲವೇ ನಿಮಿಷಗಳಲ್ಲಿ ಕಣಿವೆಯನ್ನು ದಾಟಿ ಎದುರಿನ ರೀಗಿಯ ಬುಡವನ್ನು ಏರಿತು. ಗೋಲ್ಡೌ ಇಲ್ಲವಾಯಿತು. ಬಂಡೆಗಳ ಒಂದು ಭಾಗ ಲಾವರ್ತ್ಸ್ ಸರೋವರಕ್ಕೆ ನುಗ್ಗಲು, ಎದ್ದ ಅಲೆ ಎದುರು ದಡದ ಮನೆಗಳನ್ನೂ ಬಡಿಯಿತು. ಸತ್ತವರು 457 ಮಂದಿ.

ಆ ದಿನ ಬರ್ನ್ ನಗರದ ಪ್ರವಾಸಿಗರ ಗುಂಪೊಂದು ರೀಗಿಯನ್ನು ನೋಡಲೆಂದು ಆರ್ತ್ ಊರಿನಿಂದ ಕಾಲ್ನಡಿಗೆಯಲ್ಲಿ ಹೊರಟಿತ್ತು. ಕೆಲವರು ಮುಂದೆ, ಕೆಲವರು ಸ್ವಲ್ಪ ಹಿಂದೆ. ಮುಂದಿನವರು ಗೋಲ್ಡೌ ಗ್ರಾಮವನ್ನು ಹೊಕ್ಕದ್ದನ್ನು ಹಿಂದಿನವರು ಕಣ್ಣಾರೆ ಕಂಡರು. ಅನಂತರ ಕಂಡದ್ದು ಧೂಳು ಮಾತ್ರ. ಕೆಲವು ಹೆಜ್ಜೆ ಹಿಂದುಳಿದದ್ದೇ ಅವರ ಆಯುಷ್ಯವಾಯಿತು. ತಮ್ಮವರು ಬಂಡೆಗಳ ಕೆಳಗೆ ಎಲ್ಲಿದ್ದಾರೆಂಬುದು ಅವರಿಗೆ ಎಂದೂ ತಿಳಿಯಲಿಲ್ಲ.

ಆರ್ತ್‌ನ ವೈದ್ಯ ಕಾರ್ಲ್ ತ್ಸಾಯ್ ಈ ದುರಂತದ ವೃತ್ತಾಂತವನ್ನು ಮರುವರ್ಷವೇ ಪುಸ್ತಕವಾಗಿ ಪ್ರಕಟಿಸಿದನು. ಒಂದು ಪ್ರಾಂತ್ಯದ ಕಷ್ಟವನ್ನು ಇನ್ನೊಂದು ಪ್ರಾಂತ್ಯ ತನ್ನದೆಂದು ತಿಳಿಯದಿದ್ದ ಕಾಲವದು. ಆದರೂ ದೇಶದ ಅಂದಿನ ಮುಖ್ಯಾಧಿಕಾರಿ ಆಂಡ್ರೆಯಾಸ್ ಮೆರಿಯನ್ ನೀಡಿದ ಕರೆಗೆ ಎಲ್ಲ ಕಡೆಗಳಿಂದಲೂ ನೆರವು ಹರಿದುಬಂದಿತು.

ಸತ್ತ ಊರಿನ ಮೇಲೆ ಹೊಸ ಊರು ಎದ್ದಿತು. 1882ರಲ್ಲಿ ಗಾಟ್‌ಹಾರ್ಡ್ ರೈಲುಮಾರ್ಗ ತೆರೆದ ಮೇಲಂತೂ ಅದು ಜನಸಂದಣಿಯ ಕೂಡುದಾಣವೇ ಆಯಿತು. ಜರಿದ ಬಂಡೆಗಳ ನಡುವೆ 1925ರಲ್ಲಿ ಮೃಗೋದ್ಯಾನವನ್ನು ನಿರ್ಮಿಸಿದರು. ಮನೆಯಷ್ಟು ದೊಡ್ಡ ಬಂಡೆಗಳು, ಅವುಗಳ ಮೇಲೆ ಬೇರುಬಿಟ್ಟ ಮರಗಳು, ಸಂದಿಯಲ್ಲಿ ತೋಳ, ಕರಡಿ! ಮಕ್ಕಳಿಗೆ ಇದಕ್ಕಿಂತ ಸೊಗಸಾದ ಜಾಗ ಬೇರಿಲ್ಲ. ಹತ್ತಿರದ ಪುಟ್ಟ ವಸ್ತುಸಂಗ್ರಹಾಲಯದಲ್ಲಿ ಬಂಡೆಗಳ ಕೆಳಗಿನಿಂದ ತೆಗೆದ ಗೃಹಬಳಕೆಯ ವಸ್ತುಗಳಿವೆ. ಅಲ್ಲಿ ಮಾತ್ರ ದನಿಗಳು ತಾವಾಗಿಯೇ ತಗ್ಗುತ್ತವೆ.

ಕಾಲಲ್ಲಿ ಬಲವಿದ್ದವರು ಜರಿತದ ಹಾದಿಯಲ್ಲೇ ಗ್ನೀಪೆನ್ ಶಿಖರದವರೆಗೆ ಏರಬಹುದು. ಕಾಡು ಮರಳಿ ಬೆಳೆದಿದೆ; ಬೇಸಗೆಯಲ್ಲಿ ಕಾಡು ಆರ್ಕಿಡ್‌ಗಳು ಅರಳುತ್ತವೆ. ಮೇಲೆ ಹೋದಂತೆ ಮಣ್ಣು ತೆಳುವಾಗಿ, ಬರಿಯ ಬಂಡೆಯ ಹಾಸು ಹಲಗೆಯಂತೆ ಓರೆಯಾಗಿ ಕಾಣಿಸಿಕೊಳ್ಳುತ್ತದೆ. 1806ರ ನಂತರವೂ ಬೆಟ್ಟದಲ್ಲಿ ಸಣ್ಣ ಜರಿತಗಳು ಆಗಿವೆ. ಉಳಿದ ಮೊಳೆಬಂಡೆ, ಅದರಡಿಯ ಜೇಡಿ, ಅದೇ ವಾಲು. ಹಾಸಿನ ತುದಿಗೆ ನಿಂತು ಕೆಳಗೆ ನೋಡಿದರೆ ನೇರವಾಗಿ ಗೋಲ್ಡೌವಿನ ಹೆಂಚಿನ ಮಾಡುಗಳು, ಅವುಗಳ ನಡುವೆ ಇಟಲಿಯ ಕಡೆಗೆ ತಿರುಗುತ್ತಿರುವ ರೈಲು.