ಕಳಿಸಿಕೊಡುವವರು

ಕನ್ನಡ ಅಧ್ಯಾಪಕನ ಮನೆಯ ಬಾಗಿಲನ್ನು ಲೋಕದ ವ್ಯವಹಾರಸ್ಥರು ತಟ್ಟುವುದು ಅಪರೂಪ. ಗಣಿತದವರ ಮನೆಗೆ ಪಾಠಕ್ಕೆ ಮಕ್ಕಳು ಬರುತ್ತಾರೆ; ವಾಣಿಜ್ಯಶಾಸ್ತ್ರದವರಲ್ಲಿಗೆ ತೆರಿಗೆಯ ಲೆಕ್ಕ ಕೇಳಲು ಅಂಗಡಿಯವರು ಬರುತ್ತಾರೆ. ನನ್ನಲ್ಲಿಗೆ ಬರುವವರು ಹೆಚ್ಚೆಂದರೆ ಮದುವೆಯ ಕರೆಯೋಲೆಯ ಕಾಗುಣಿತವನ್ನು ತಿದ್ದಿಸಿಕೊಳ್ಳುವವರು. ಹೀಗಿರುವಾಗ ಒಂದು ಭಾನುವಾರ, ಶಾಮನೂರಿನ ನಮ್ಮ ಮನೆಯ ಮುಂದೆ ಕಾರೊಂದು ನಿಂತು, ಅದರಿಂದ ಟೈ ಕಟ್ಟಿದ ತರುಣನೊಬ್ಬ ಇಳಿದು, “ಸಾರ್, ನಿಮ್ಮಿಂದ ಒಂದು ಉಪಕಾರ ಆಗಬೇಕು” ಎಂದಾಗ ನನಗೆ ಆಶ್ಚರ್ಯವೂ, ಮುಚ್ಚುಮರೆಯೇಕೆ, ಸ್ವಲ್ಪ ಸಂತೋಷವೂ ಆಯಿತು.

ಆತ ವಿದ್ಯಾರ್ಥಿಗಳನ್ನು ಓದಲು ಪರದೇಶಕ್ಕೆ ಕಳಿಸಿಕೊಡುವ ಸಂಸ್ಥೆಯೊಂದರವನು. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಗೆ ತರಬೇತಿ, ಕಾಲೇಜಿಗೆ ಅರ್ಜಿ, ವೀಸಾ, ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಾರಂತೆ. ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಎಂದು ನಾಲ್ಕು ಭಾಗವಿರುವ ಆ ಪರೀಕ್ಷೆಯಲ್ಲಿ 9ಕ್ಕೆ 6 ಅಥವಾ 6.5 ಬಂದರೆ ಎಷ್ಟೋ ಕಾಲೇಜುಗಳ ಬಾಗಿಲು ತೆರೆಯುತ್ತದಂತೆ. ನನ್ನಿಂದ ಬೇಕಾಗಿದ್ದುದು ಕೊನೆಯ ವರ್ಷದ ಮಕ್ಕಳ ಹೆಸರು ಮತ್ತು ಫೋನ್ ನಂಬರು. ಜೊತೆಗೆ ತರಗತಿಯಲ್ಲಿ ನಾಲ್ಕು ಒಳ್ಳೆಯ ಮಾತು. ಹೋಗಿ ಸೇರಿದ ಒಬ್ಬೊಬ್ಬರ ಲೆಕ್ಕದಲ್ಲಿ ನನಗೂ ಗೌರವಧನ ಉಂಟು.

“ನಾನು ಕನ್ನಡ ಮೇಷ್ಟ್ರು. ಇಂಗ್ಲಿಷಿಗೂ ನನಗೂ ಏನಪ್ಪ ಸಂಬಂಧ?” ಎಂದೆ.

“ಅದಕ್ಕೇ ಸಾರ್ ನಿಮ್ಮ ಹತ್ರ ಬಂದಿದ್ದು. ಮಕ್ಕಳು ನಿಮ್ಮ ಮಾತು ನಂಬ್ತಾರೆ. ಜಪಾನಿನವರೇ ಇಂಗ್ಲಿಷ್ ಕಲಿಯೋಕೆ ಹೊರಗೆ ಹೋಗ್ತಾರೆ, ನಮ್ಮೋರು ಯಾಕೆ ಹೋಗಬಾರದು?” ಎಂದ.

ಮಕ್ಕಳಿಂದ ಒಂದು ಬಿಡಿಗಾಸೂ ತೆಗೆದುಕೊಳ್ಳುವುದಿಲ್ಲವೆಂದು ಆತ ಹೆಮ್ಮೆಯಿಂದ ಹೇಳಿದ. ಹಾಗಾದರೆ ಕಾರಿನ ಪೆಟ್ರೋಲಿಗೆ ಯಾರು ಕೊಡುತ್ತಾರೆ? ಕೇಳಿದೆ. ಮುಚ್ಚಿಡದೆ ಹೇಳಿದ: ಹುಡುಗ ಅಲ್ಲಿ ಸೇರಿ ಶುಲ್ಕ ಕಟ್ಟಿದ ಮೇಲೆ, ಮೊದಲ ವರ್ಷದ ಶುಲ್ಕದಲ್ಲಿ ನೂರಕ್ಕೆ ಇಷ್ಟೆಂದು ಆ ಕಾಲೇಜೇ ಸಂಸ್ಥೆಗೆ ಕೊಡುತ್ತದೆ. ಇದರಲ್ಲಿ ಕಾನೂನಿಗೆ ವಿರುದ್ಧವಾದದ್ದೇನೂ ಇಲ್ಲ. ಇಂಗ್ಲೆಂಡು, ಆಸ್ಟ್ರೇಲಿಯ, ಕೆನಡಗಳಲ್ಲೆಲ್ಲ ರೂಢಿಯಲ್ಲಿರುವ ಕ್ರಮವೇ. ಆದರೆ ಗಂಡಿನ ಕಡೆಯವರು ಹಣ ಕೊಟ್ಟ ದಲ್ಲಾಳಿಯನ್ನು ಹೆಣ್ಣಿನ ತಂದೆ “ಹುಡುಗ ಹೇಗೆ?” ಎಂದು ಕೇಳಿದರೆ ಯಾವ ಉತ್ತರ ಬಂದೀತೆಂಬುದು ನಮ್ಮ ಕಡೆಯ ಮುದುಕಿಯರಿಗೂ ಗೊತ್ತು.

ಯೋಚಿಸಿ ಹೇಳುತ್ತೇನೆಂದೆ. ಹೊರಡುವಾಗ ಆತ ಮೇಜಿನ ಮೇಲೆ ಒಂದು ಚೆಂದದ ಡೈರಿ ಇಟ್ಟು ಹೋದ. ಬೇಡವೆನ್ನಲು ನನಗೆ ನಾಲಗೆ ಬರಲಿಲ್ಲ.

ನಾನೇನೂ ಕಡಲು ದಾಟಬಾರದೆನ್ನುವ ಮಡಿವಂತನಲ್ಲ. ದಾವಣಗೆರೆಯವನಾಗಿ ಹಾಗೆನ್ನುವುದು ಸಾಧ್ಯವೂ ಇಲ್ಲ. ಬಾಪೂಜಿ ವಿದ್ಯಾಸಂಸ್ಥೆ 1958ರಲ್ಲಿ ಹುಟ್ಟಿತು, ಜೆ.ಜೆ.ಎಂ. ವೈದ್ಯಕೀಯ ಕಾಲೇಜು 1965ರಲ್ಲಿ ಬಂತು. ನಾನು ಹುಡುಗನಾಗಿದ್ದಾಗ ನಮ್ಮ ರಸ್ತೆಗಳಲ್ಲಿ ಹಿಂದಿ ಮಾತನಾಡುವ ಉತ್ತರದ ತರುಣರು ಬೆಣ್ಣೆದೋಸೆ ತಿನ್ನುತ್ತ ತಮ್ಮ ಮನೆಯ ರೊಟ್ಟಿಯನ್ನು ನೆನೆಯುತ್ತಿದ್ದರು. ಅವರ ತಾಯಂದಿರ ಪಾಲಿಗೆ ನಮ್ಮೂರೇ ಪರದೇಶ. ವಿದ್ಯೆಗಾಗಿ ಊರು ಬಿಡುವುದು ಹೊಸತಲ್ಲ.

ಆದರೂ ಆ ಡೈರಿ ನನ್ನ ಕಣ್ಣಿಗೆ ಚುಚ್ಚುತ್ತಿದ್ದುದಕ್ಕೆ ಬೇರೊಂದು ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬ ಇಂಗ್ಲೆಂಡಿಗೆ ಹೊರಟಾಗ ಶಿಫಾರಸು ಪತ್ರ ಕೇಳಿದ. ಪತ್ರ ಮೊದಲೇ ಸಿದ್ಧವಾಗಿತ್ತು. ನಾನು ರುಜು ಹಾಕಬೇಕಿತ್ತು, ಅಷ್ಟೆ. ಹುಡುಗ ಇಂಗ್ಲಿಷಿನಲ್ಲಿ ಪ್ರವೀಣನೆಂದು ಕನ್ನಡ ಮೇಷ್ಟ್ರು ಸಾಕ್ಷಿ ಹೇಳುವ ಆ ಪತ್ರವನ್ನು ಓದಿ ನಗುತ್ತಲೇ ರುಜು ಹಾಕಿದೆ. ಯಾವ ಕಾಲೇಜು, ಮುಂದೇನು, ಸಾಲವೆಷ್ಟು, ಒಂದನ್ನೂ ಕೇಳಲಿಲ್ಲ. ಈಗ ಅವನು ಉಗ್ರಾಣವೊಂದರಲ್ಲಿ ರಾತ್ರಿ ಪಾಳಿಯಲ್ಲಿ ಪೆಟ್ಟಿಗೆ ಎತ್ತುತ್ತಾನೆ. ಕೆಲಸದಲ್ಲಿ ಅವಮಾನವಿಲ್ಲ. ಆದರೆ ಅವನ ತಾಯಿ ಕಾಯಿಲೆ ಬಿದ್ದಾಗ ಫೋನಿನಲ್ಲಿ, “ಬರೋಕೆ ಆಗಲ್ಲ ಸಾರ್, ಸಾಲ ತೀರಬೇಕು” ಎಂದನಲ್ಲ, ಆ ಮಾತಿನಲ್ಲಿ ನನ್ನ ರುಜುವಿನ ಪಾಲೂ ಇತ್ತು.

ತರುಣ ಬಂದುಹೋದ ವಾರದಲ್ಲೇ ಹರಿಹರ ತಾಲ್ಲೂಕಿನ ರೈತರೊಬ್ಬರು ಮಗಳನ್ನು ಕರೆದುಕೊಂಡು ಮನೆಗೆ ಬಂದರು. ಹುಡುಗಿ ನನ್ನ ತರಗತಿಯವಳು, ಚುರುಕು. ಕೆನಡಕ್ಕೆ ಹೋಗಬೇಕೆಂದು ಹಟ. ಭದ್ರಾ ನಾಲೆಯ ಎರಡು ಎಕರೆ ಗದ್ದೆ ಮಾರಿದರೆ ಹಣ ಹೊಂದುತ್ತದೆ.

“ಮೇಷ್ಟ್ರೇ, ಎಲ್ರೂ ಕಳಿಸ್ರಿ ಅಂತಾರೆ. ಅನ್ನೋರಿಗೆಲ್ಲ ಏನೋ ಒಂದು ಲಾಭ ಐತೆ. ನಿಮಗೆ ಏನೂ ಇಲ್ಲ, ಅದಕ್ಕೇ ಕೇಳಾಕೆ ಬಂದೀನಿ. ಕಳಿಸ್ಲೋ ಬ್ಯಾಡೋ?”

ಮೇಜಿನ ಮೇಲಿದ್ದ ಡೈರಿಯ ಮೇಲೆ ನಾನು ದಿನಪತ್ರಿಕೆ ಹರಡಿದೆ. ನನ್ನ ಶ್ರೀಮತಿ ಅದನ್ನು ಕಂಡೂ ಕಾಣದವಳಂತೆ ಕಾಫಿ ತಂದಿಟ್ಟಳು. ನಾಳೆ ಬನ್ನಿರೆಂದು ಅವರನ್ನು ಕಳಿಸಿದೆ.

ಅಂದು ರಾತ್ರಿ ಆ ತರುಣ ಹೇಳಿದ ಜಪಾನಿನ ಮಾತು ನೆನಪಾಯಿತು. 1871ರಲ್ಲಿ ಜಪಾನ್ ಸರ್ಕಾರ ಇವಾಕುರಾ ನಿಯೋಗದ ಜೊತೆ ಐವರು ಹುಡುಗಿಯರನ್ನು ಓದಲು ಅಮೆರಿಕಕ್ಕೆ ಕಳಿಸಿತು. ಎಲ್ಲರಿಗಿಂತ ಕಿರಿಯಳಾದ ತ್ಸುದಾ ಉಮೆಕೊಗೆ ಆಗ ಆರು ವರ್ಷ. 1882ರಲ್ಲಿ ಹಿಂದಿರುಗಿದಾಗ ಆಕೆ ತಾಯ್ನುಡಿಯನ್ನೇ ಮರೆತಿದ್ದಳು. ಜಪಾನೀ ಭಾಷೆಯನ್ನು ಹೊಸದಾಗಿ ಕಲಿಯಬೇಕಾಯಿತು. ಅಷ್ಟು ವರ್ಷ ಖರ್ಚು ಮಾಡಿ ಓದಿಸಿದ ಸರ್ಕಾರಕ್ಕೆ, ಬಂದ ಹುಡುಗಿಯರಿಂದ ಯಾವ ಕೆಲಸ ಮಾಡಿಸಬೇಕೆಂಬುದೇ ತೋಚಲಿಲ್ಲ. ಆಕೆ ಧೃತಿಗೆಡದೆ 1900ರಲ್ಲಿ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಕಲಿಸುವ ಶಾಲೆ ತೆರೆದಳು. 2024ರಲ್ಲಿ ಬಂದ ಐದು ಸಾವಿರ ಯೆನ್ ನೋಟಿನ ಮೇಲೆ ಅವಳ ಚಿತ್ರವಿದೆ. ಗೆದ್ದವಳ ಕಥೆಯಲ್ಲೂ ಕಳಿಸುವ ಏರ್ಪಾಡಿತ್ತು, ಬರಮಾಡಿಕೊಳ್ಳುವ ಏರ್ಪಾಡಿರಲಿಲ್ಲ.

ಅಷ್ಟು ದೂರ ಹೋಗುವುದೇಕೆ? ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿ ರಾಣೇಬೆನ್ನೂರಿನ ದಾರಿ ಹಿಡಿದರೆ ಚಳಗೇರಿ ಸಿಗುತ್ತದೆ. ಆ ಊರಿನ ನವೀನ್ ಗ್ಯಾನಗೌಡರ್ ಯುಕ್ರೇನಿನ ಖಾರ್ಕಿವ್‌ನಲ್ಲಿ ವೈದ್ಯವಿದ್ಯಾರ್ಥಿ. ಪಿಯುಸಿಯಲ್ಲಿ ನೂರಕ್ಕೆ 97 ಅಂಕ ಬಂದರೂ ಇಲ್ಲಿ ಸೀಟು ಸಿಗಲಿಲ್ಲವೆಂದು ತಂದೆ ಹೇಳಿದ್ದು ಪತ್ರಿಕೆಗಳಲ್ಲಿ ಬಂದಿತ್ತು. 2022ರ ಮಾರ್ಚ್ 1ರಂದು ದಿನಸಿ ತರಲು ಹೋಗಿದ್ದಾಗ ದಾಳಿಗೆ ಸಿಕ್ಕಿ ಮಡಿದ. ಮಾರ್ಚ್ 21ರಂದು ದೇಹ ಊರಿಗೆ ಬಂತು. ತಂದೆತಾಯಿಗಳು ಅದನ್ನು ನಮ್ಮ ದಾವಣಗೆರೆಯ ಎಸ್.ಎಸ್. ಆಸ್ಪತ್ರೆಗೆ, ವೈದ್ಯಕೀಯ ಮಕ್ಕಳ ಕಲಿಕೆಗೆಂದು ದಾನ ಮಾಡಿದರು. ಯುದ್ಧಕ್ಕೆ ಕಳಿಸಿದವರನ್ನು ದೂರಲಾಗದು, ನಿಜ. ಆದರೆ ಆ ದಿನಗಳಲ್ಲಿ ನಮ್ಮ ಕಡೆಯ ಎಷ್ಟೋ ಮನೆಗಳವರು ಮಕ್ಕಳನ್ನು ಕರೆತರಲು ಯಾರನ್ನು ಕೇಳಬೇಕೆಂದು ತಿಳಿಯದೆ ಟಿ.ವಿ.ಯ ಮುಂದೆ ಕುಳಿತಿದ್ದರು.

ಅದೇ ರಾತ್ರಿ ಆ ಡೈರಿಯ ಮೊದಲ ಪುಟದಲ್ಲಿ ಆರು ಪ್ರಶ್ನೆ ಬರೆದೆ. ಓದು ಮುಗಿದ ಮೇಲೆ ಅಲ್ಲಿ ಎಷ್ಟು ಕಾಲ ಕೆಲಸ ಮಾಡಬಹುದು? ಆ ಪದವಿಗೆ ಇಲ್ಲಿ ಬೆಲೆ ಉಂಟೆ? ಓದುವಾಗ ವಾರಕ್ಕೆ ಎಷ್ಟು ಗಂಟೆ ದುಡಿಯಲು ಅನುಮತಿ? ನಿಯಮ ಬದಲಾದರೆ, ವೀಸಾ ಸಿಗದಿದ್ದರೆ, ಕಟ್ಟಿದ ಹಣ ಹಿಂದೆ ಬರುತ್ತದೆಯೆ? ಇದು ಸುಮ್ಮನೆ ಹುಟ್ಟಿದ ಪ್ರಶ್ನೆಯಲ್ಲ. ಬರುವವರು ತೋರಿಸಬೇಕಾದ ಜೀವನವೆಚ್ಚವನ್ನು ಕೆನಡ 2024ರ ಜನವರಿ 1ರಿಂದ 10,000 ಡಾಲರಿನಿಂದ 20,635ಕ್ಕೆ ಏರಿಸಿತು. ಅದೇ ತಿಂಗಳು ವಿದ್ಯಾರ್ಥಿಗಳ ಸಂಖ್ಯೆಗೂ ಮಿತಿ ಹಾಕಿತು. ಐದನೆಯದು: ಈ ಸಂಸ್ಥೆಯಿಂದ ಹಿಂದೆ ಹೋದವರ ತಂದೆತಾಯಿಗಳೊಡನೆ ನಾವು ಮಾತನಾಡಬಹುದೆ? ಆರನೆಯದು: ಮಗಳು ಅರ್ಧಕ್ಕೇ ಹಿಂದಿರುಗಬೇಕಾಗಿ ಬಂದರೆ ಯಾರಿಗೆ ಫೋನ್ ಮಾಡಬೇಕು?

ಮರುದಿನ ತಂದೆ ಮಗಳಿಗೆ ಹಾಳೆಯನ್ನು ಹರಿದುಕೊಟ್ಟೆ. ಡೈರಿ ಎಲ್ಲಿಂದ ಬಂತೆಂಬುದನ್ನೂ, ಗೌರವಧನದ ಮಾತನ್ನೂ ಹೇಳಿಬಿಟ್ಟೆ. ರೈತರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವು ತಗೊಂಡ್ರಾ?” ಎಂದರು. ಇಲ್ಲವೆಂದೆ. “ಹಂಗಾದ್ರೆ ಸರಿ” ಎಂದರು.

ಹುಡುಗಿ ಎರಡು ದಿನ ಬಿಟ್ಟು ಬಂದಳು. ನಾಲ್ಕಕ್ಕೆ ಉತ್ತರ ಸಿಕ್ಕಿತ್ತು. ಕೊನೆಯ ಎರಡಕ್ಕೆ, “ಅದು ನಮ್ಮ ವ್ಯಾಪ್ತಿಗೆ ಬರೋದಿಲ್ಲ” ಎಂದರಂತೆ. ಗದ್ದೆ ಮಾರುವುದು ಬೇಡ, ಬ್ಯಾಂಕಿನ ಸಾಲ ಸಿಗುತ್ತದೆಯೋ ವಿಚಾರಿಸಿ ಮುಂದಿನ ವರ್ಷ ನೋಡೋಣವೆಂದು ಮನೆಯಲ್ಲಿ ತೀರ್ಮಾನವಾಗಿತ್ತು. “ಹೋಗೋದಂತೂ ಹೋಗ್ತೀನಿ ಸಾರ್. ಆಗ ನೀವು ಪತ್ರ ಬರೆದುಕೊಡಬೇಕು” ಎಂದಳು.

ಬರೆದುಕೊಡುತ್ತೇನೆ. ಈ ಸಲ ನಾನೇ ಬರೆಯುತ್ತೇನೆ. ಹರಕು ಇಂಗ್ಲಿಷಾದರೂ ಚಿಂತೆಯಿಲ್ಲ. ಅದರ ಜೊತೆಗೆ ನನ್ನ ಮನೆಯ ಫೋನ್ ನಂಬರನ್ನೂ ಅವಳ ಕೈಯಲ್ಲಿಡುತ್ತೇನೆ. ಆರನೆಯ ಪ್ರಶ್ನೆಗೆ ನನಗೆ ತಿಳಿದ ಉತ್ತರ ಅಷ್ಟೇ.