ರೆಕ್ಕೆಯಿಲ್ಲದ ರಾಕೆಟ್‌ಗಳು

ರಜೆಯಲ್ಲಿ ಜೋಗಕ್ಕೆ ಹೊರಟರೆ ಶಿವಮೊಗ್ಗದಲ್ಲಿ ಒಂದು ಗಂಟೆ ಇಳಿಯಿರಿ. ಶಿವಪ್ಪ ನಾಯಕ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳಿವೆ. ಹಳೆಯ ಪೈಪಿನ ತುಂಡುಗಳೆಂದು ಮುಂದೆ ಹೋಗಬೇಡಿ. ಅವು ಟಿಪ್ಪೂ ಕಾಲದ ರಾಕೆಟ್‌ಗಳು! 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಪಾಳುಬಾವಿಯಲ್ಲಿ ಇಂಥವು ಸಾವಿರಕ್ಕೂ ಹೆಚ್ಚು ಸಿಕ್ಕವು.

ನಾವು ಹೋದಾಗ, ಹೊರಡುವ ಮುನ್ನ ನನ್ನ ಮಗ ಕಿಟ್ ತಂದು ಮಾದರಿ ರಾಕೆಟ್ ಜೋಡಿಸುತ್ತಿದ್ದ. ಅಂಟು ಒಣಗುವ ಮೊದಲೇ ಎತ್ತಿದ್ದರಿಂದ ಒಂದು ರೆಕ್ಕೆ ಸೊಟ್ಟಗಾಯಿತು. "ಇರಲಿ ಬಿಡಮ್ಮ" ಎಂದ. ಅರಮನೆಯಲ್ಲಿ ಅವನೇ ಕೇಳಿದ: "ಇವಕ್ಕೆ ರೆಕ್ಕೆಯೇ ಇಲ್ಲ, ನೇರ ಹೇಗಮ್ಮ ಹಾರುತ್ತಿದ್ದವು?"

ಕೊಳವೆಗೆ ಉದ್ದನೆಯ ಬಿದಿರಿನ ಗಳ ಕಟ್ಟುತ್ತಿದ್ದರು. ರೆಕ್ಕೆಯ ಕೆಲಸ ಅದರದು. ಕಬ್ಬಿಣವಾದ್ದರಿಂದ ಕೊಳವೆ ಮದ್ದಿನ ಒತ್ತಡ ತಾಳುತ್ತಿತ್ತು, ದೂರ ಹಾರುತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಇವನ್ನು ತಮ್ಮ ದೇಶಕ್ಕೆ ಒಯ್ದರು. ಇವನ್ನು ಕಂಡೇ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ. ಅವನ ಹೆಸರು ಪುಸ್ತಕಗಳಲ್ಲಿದೆ. ಕೊಳವೆ ಬಡಿದ ನಮ್ಮ ಕಮ್ಮಾರರ ಹೆಸರು ಯಾರಿಗೆ ಗೊತ್ತು?

ಮನೆಗೆ ಬಂದ ಮಗ ಸೊಟ್ಟ ರೆಕ್ಕೆ ಕಿತ್ತು, ಉಜ್ಜಿ, ಮತ್ತೆ ಅಂಟಿಸಿದ. ಬೆಳಗಿನವರೆಗೆ ಮುಟ್ಟಲಿಲ್ಲ.